ಕೋವಿ ಕೈ ಬದಲಿಸುವಾಗ

1857ರ ನವೆಂಬರ್ ತಿಂಗಳ ಕೊನೆ. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯಲ್ಲಿ ಬೇಡರು ಹತಾರ ಕೊಡುವುದಿಲ್ಲವೆಂದು ಎದ್ದು ನಿಂತರು. ಉತ್ತರದಲ್ಲಿ ಸಿಪಾಯಿಗಳು ದಂಗೆಯೆದ್ದ ವರ್ಷ ಅದು. ಬೆದರಿದ ಕಂಪನಿ ಸರಕಾರ ಅದೇ ವರ್ಷ 28ನೇ ಕಾಯ್ದೆಯನ್ನು ಹೊರಡಿಸಿ ಆಯುಧಗಳ ಆಮದು, ತಯಾರಿಕೆ, ಮಾರಾಟ ಮತ್ತು ಅವನ್ನು ಇಟ್ಟುಕೊಳ್ಳುವ ಹಕ್ಕನ್ನೆಲ್ಲ ತನ್ನ ಹಿಡಿತಕ್ಕೆ ತೆಗೆದುಕೊಂಡಿತ್ತು. ಅಪ್ಪಣೆಯಿಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ, ಇಟ್ಟವರು ಒಪ್ಪಿಸಬೇಕು. ಬೇಟೆಯಾಡಿ ಬದುಕಿದವರು, ದೊರೆಗಳ ಪರವಾಗಿ ಕಾದಾಡಿ ಹೆಸರಾದವರು ಹಲಗಲಿಯ ಬೇಡರು. ಹತಾರ ಕೊಡುವುದೆಂದರೆ ಅವರಿಗೆ ಅನ್ನ ಕೊಟ್ಟಂತೆ, ಮಾನ ಕೊಟ್ಟಂತೆ.

ಕಂಪನಿಯ ಕುದುರೆ ದಂಡು ಹಲಗಲಿಗೆ ಮುತ್ತಿಗೆ ಹಾಕಿತು. ಊರಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಆ ಡಿಸೆಂಬರಿನಲ್ಲೇ ಗಲ್ಲಿಗೇರಿಸಿದರು. ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಅವರ ಊರಿನಲ್ಲೇ. ಜನ ಈ ಕಥೆಯನ್ನು ಲಾವಣಿ ಕಟ್ಟಿ ಹಾಡಿದರು. ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಅದನ್ನು ಬರೆದುಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಇಂದಿಗೂ ಕನ್ನಡದ ಮಕ್ಕಳ ಬಾಯಲ್ಲಿ ಉಳಿದಿರುವುದು ಆ ಲಾವಣಿಯಿಂದ.

ಮೂರು ವರ್ಷ ಕಳೆದ ಮೇಲೆ ಅದೇ ಕಾನೂನು ಕನ್ನಡ ಸೀಮೆಯ ಇನ್ನೊಂದು ಮೂಲೆಯಲ್ಲಿ ಬೇರೆ ಮುಖ ತೋರಿಸಿತು. 1857ರ ತಾತ್ಕಾಲಿಕ ಕಾಯ್ದೆಯ ಜಾಗಕ್ಕೆ 1860ರ 31ನೇ ಕಾಯ್ದೆ ಬಂದಿತ್ತು. ಜನ ಅದನ್ನು ಕರೆದದ್ದು ನಿರಾಯುಧೀಕರಣದ ಕಾಯ್ದೆ ಎಂದೇ. 1861ರ ಫೆಬ್ರವರಿ 26ರಂದು ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಮಡಿಕೇರಿಯಿಂದ ಒಂದು ಘೋಷಣೆ ಹೊರಡಿಸಿದ. ಕೊಡಗಿನ ಜನರ ನಿಷ್ಠೆಯನ್ನೂ ಶೌರ್ಯವನ್ನೂ ಸರಕಾರಕ್ಕೆ ಅವರು ಮಾಡಿದ ಸೇವೆಯನ್ನೂ ನೆನೆದು, ನಿರಾಯುಧೀಕರಣದ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ ಎಂದು ಸಾರಿದ. ಇಪ್ಪತ್ತಾರು ವರ್ಷ ಮೈಸೂರನ್ನು ಆಳಿದ ಕಬ್ಬನ್ ಅಧಿಕಾರದಿಂದ ಇಳಿಯುವ ಹೊತ್ತಿನಲ್ಲಿ ಮಾಡಿದ ಕೆಲಸ ಇದು. ಅದೇ ಏಪ್ರಿಲ್‌ನಲ್ಲಿ, ಇಂಗ್ಲೆಂಡಿಗೆ ಮರಳುವ ದಾರಿಯಲ್ಲಿ, ಅವನು ಸೂಯೆಜ್‌ನಲ್ಲಿ ತೀರಿಕೊಂಡ.

ಹಲಗಲಿಯಲ್ಲಿ ಕೋವಿಗಾಗಿ ನೇಣು. ಮಡಿಕೇರಿಯಲ್ಲಿ ಕೋವಿಗೆ ಗೌರವ. ಭಾರತದಲ್ಲಿ ಆಯುಧ ಕಾನೂನಿನ ಚರಿತ್ರೆಯನ್ನು ಈ ಎರಡು ಊರುಗಳ ನಡುವೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸರಕಾರ ಮೊದಲಿನಿಂದಲೂ ಕಣ್ಣಿಟ್ಟದ್ದು ಕೋವಿ ಹಿಡಿದ ಕೈಯ ಮೇಲೆ. ಆ ಕೈಯಿಂದ ಅದು ಇನ್ನೊಂದು ಕೈಗೆ ಹೋಗುವ ಗಳಿಗೆಯೇ ಅದರ ದೊಡ್ಡ ಚಿಂತೆ. ಇಂದು ಮನೆಯಲ್ಲಿರುವ ಹಳೆಯ ಕೋವಿಯನ್ನು ಮಾರಲು ಹೊರಟವರು ಎದುರಿಸುವ ಕಾಗದ, ಕಾಯುವಿಕೆ, ಠಾಣೆಯ ಓಡಾಟ ಎಲ್ಲದರ ಬೇರು ಅಲ್ಲಿದೆ.

ಕೊಡಗಿಗೆ ಈ ಮನ್ನಣೆ ಯಾಕೆ ಸಿಕ್ಕಿತು? 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಕೊಡಗನ್ನು ವಶಕ್ಕೆ ತೆಗೆದುಕೊಂಡಿತು. ಮೂರೇ ವರ್ಷಕ್ಕೆ, 1837ರ ಏಪ್ರಿಲ್‌ನಲ್ಲಿ, ಸುಳ್ಯ ಪುತ್ತೂರುಗಳ ಕಡೆಯಿಂದ ಕಲ್ಯಾಣಪ್ಪನ ಕಾಟಕಾಯಿ ಎಂದು ಹೆಸರಾದ ಅಮರಸುಳ್ಯದ ದಂಗೆ ಮಂಗಳೂರಿನವರೆಗೂ ನುಗ್ಗಿತು. ಆಗ ಕೊಡಗಿನ ದಿವಾನರು ಮತ್ತು ಅವರ ಹಿಂದಿದ್ದ ಕೊಡವರು ಕಂಪನಿಯ ಪಕ್ಷ ಹಿಡಿದರು. ಕಂಪನಿ ಅವರಿಗೆ ಚಿನ್ನ ಬೆಳ್ಳಿಯ ಪದಕಗಳನ್ನು ಹಂಚಿತು. ಪದಕದ ಮೇಲೆ ಒಬ್ಬ ಕೊಡವ ವೀರ ಒಂದು ಕೈಯಲ್ಲಿ ಕತ್ತಿ ಎತ್ತಿ, ಇನ್ನೊಂದು ಕೈಯಲ್ಲಿ ಕೋವಿ ಹಿಡಿದು ನಿಂತಿದ್ದಾನೆ. ಆ ಕೋವಿ ಯಾರ ವಿರುದ್ಧ ಎತ್ತಿದ್ದು ಎಂಬುದನ್ನು ಅಮರಸುಳ್ಯದ ರೈತರ ಕಡೆಯಿಂದಲೂ ನೋಡಬೇಕು. ಒಬ್ಬರ ಬಹುಮಾನ ಇನ್ನೊಬ್ಬರ ಗಾಯವಾಗಿತ್ತೆಂಬುದನ್ನು ಮರೆತು ಈ ಚರಿತ್ರೆಯನ್ನು ಬರೆಯುವುದು ನ್ಯಾಯವಲ್ಲ.

ಆದರೆ ಬರೀ ನಿಷ್ಠೆಯ ಲೆಕ್ಕದಲ್ಲಿ ಕೊಡಗಿನ ಕೋವಿಯನ್ನು ಅಳೆಯಲಾಗದು. ಕಂಪನಿ ಬರುವ ಮೊದಲೇ ಅದಕ್ಕೊಂದು ನೆಲೆ ಇತ್ತು. ಲಿಂಗಾಯತ ಅರಸರ ಕಾಲದಲ್ಲಿ ಜಮ್ಮಾ ಭೂಮಿ ಹಿಡಿದವರು ಅರಸನಿಗೆ ದಂಡಿನ ಸೇವೆ ಸಲ್ಲಿಸಬೇಕಾಗಿತ್ತು. ಕರೆ ಬಂದರೆ ಕೋವಿ ಕತ್ತಿಗಳೊಡನೆ ಹೊರಡಬೇಕು. ಅದಕ್ಕೆ ಪ್ರತಿಯಾಗಿ, ಪೂರ್ಣ ಕಂದಾಯ ಕಟ್ಟುವ ಸಾಗು ಭೂಮಿಗೆ ಹೋಲಿಸಿದರೆ ಅರ್ಧದಷ್ಟೇ ಕಂದಾಯ. ಬ್ರಿಟಿಷರೂ ಆ ಕ್ರಮವನ್ನು ಉಳಿಸಿಕೊಂಡರು: ನೂರು ಭಟ್ಟಿ ಅಳತೆಯ ಗದ್ದೆಗೆ ಸಾಗುವಿನವನು 10 ರೂಪಾಯಿ ಕೊಟ್ಟರೆ ಜಮ್ಮಾದವನು 5 ರೂಪಾಯಿ. ಈ ಭೂಮಿ ಒಕ್ಕದ, ಅಂದರೆ ಇಡೀ ಮನೆತನದ, ಸೊತ್ತು. ಯಾರೊಬ್ಬರೂ ಅದನ್ನು ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. ಕೊಡವರಷ್ಟೇ ಅಲ್ಲದೆ ಗೌಡರು, ಹೆಗ್ಗಡೆಯರು, ಐರಿಗಳು ಹೀಗೆ ಬೇರೆ ಸಮುದಾಯಗಳವರೂ ಜಮ್ಮಾ ಹಿಡಿದಿದ್ದರು. ಮುಂದೆ ಕೋವಿಯ ವಿನಾಯಿತಿ ‘ಕೊಡವ ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರು’ ಎಂಬ ಎರಡು ಕವಲುಗಳಲ್ಲಿ ಬಂದದ್ದಕ್ಕೆ ಇದೇ ಕಾರಣ.

ಭೂಮಿಯಂತೆ ಕೋವಿಯೂ ಒಕ್ಕದ್ದು. ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ, ಪೂಜೆಯ ಕೋಣೆಯಾದ ಕನ್ನಿಕೊಂಬರೆಯ ಬಳಿ, ದೀಪದ ಬೆಳಕು ಬೀಳುವ ಕಡೆ ಅದಕ್ಕೊಂದು ಜಾಗ. ನಾಟಿ ಮುಗಿದು, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು, ಗಂಧ ಹಚ್ಚಿ, ಪೂಜೆ ಮಾಡುತ್ತಾರೆ. ಕೋವಿಯ ನಳಿಗೆಯ ತುದಿಗೆ ಸಿಕ್ಕಿಸುವ ಕೆಂಪು ಹಳದಿಯ ಬೆಂಕಿನಾಲಗೆಯಂಥ ಹೂವಿಗೆ ತೋಕ್‌ಪೂ ಎಂದೇ ಹೆಸರು. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಪೂಜೆ ಮುಗಿದ ಮೇಲೆ ಬಯಲಿನಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ.

ಗಂಡು ಮಗು ಹುಟ್ಟಿದರೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು, ಎರಡು ಗುಂಡು. ಫೋನಿಲ್ಲದ ಕಾಲದಲ್ಲಿ ಗುಡ್ಡದಾಚೆಯ ನಂಟರಿಗೆ ಸುದ್ದಿ ಮುಟ್ಟಿದ್ದು ಹಾಗೆ. ಎರಡು ಈಡು ಕೇಳಿದರೆ ಕೆಲಸ ಬಿಟ್ಟು ಹೊರಡುತ್ತಿದ್ದರು. ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಆಕಾಶಕ್ಕೆ ಗುಂಡು ಹಾರುತ್ತದೆ. ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ ನರಿಮಂಗಲ ಮಾಡುತ್ತಿದ್ದ ಸಂಪ್ರದಾಯ ಬೇಟೆಯ ಜೊತೆಗೆ ಹಿಂದೆ ಸರಿಯಿತು. ಉಳಿದವು ಈಗಲೂ ಇವೆ. ಇಂಥ ಕೋವಿಗೆ ಬೆಲೆ ಕಟ್ಟುವುದು ಕಷ್ಟ. ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಬಂದದ್ದೇ ಹೆಚ್ಚು.

ಇನ್ನು ಮಾರಾಟದ ಕಾನೂನು. ವೈಸರಾಯ್ ಲಿಟ್ಟನ್ 1878ರಲ್ಲಿ ಎರಡು ಕಾಯ್ದೆಗಳನ್ನು ತಂದ. ಒಂದು ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಲು, ಇನ್ನೊಂದು ದೇಶದ ಜನರ ಕೈ ಕಟ್ಟಲು. ಎರಡನೆಯದೇ ಆಯುಧ ಕಾಯ್ದೆ. ಅದರ ಜಾಗಕ್ಕೆ ಹೊಸ ಕಾಯ್ದೆ ಬರಲು ಎಂಬತ್ತು ವರ್ಷ ಹಿಡಿಯಿತು. 1878ರ ಆ ಕಾಯ್ದೆಯ ಐದನೇ ಕಲಮು, ಹಳೆಯ ಕೋವಿಯನ್ನು ಖಾಸಗಿಯಾಗಿ ಮಾರುವ ಬಗ್ಗೆ ಬಹಳ ಮುಖ್ಯವಾದದ್ದು. ಅಂಗಡಿ ಇಟ್ಟು ಕೋವಿ ಮಾರುವವನಿಗೆ ಲೈಸೆನ್ಸ್ ಬೇಕೇಬೇಕು. ಆದರೆ ತನ್ನ ಸ್ವಂತ ಬಳಕೆಗೆ ಕಾನೂನುಬದ್ಧವಾಗಿ ಇಟ್ಟುಕೊಂಡ ಕೋವಿಯನ್ನು, ಆಯುಧ ಹೊಂದಲು ನಿಷೇಧವಿಲ್ಲದ ಇನ್ನೊಬ್ಬನಿಗೆ ಮಾರುವುದಕ್ಕೆ ಲೈಸೆನ್ಸ್ ಬೇಡ. ಮಾರಿದ ಮೇಲೆ ತಡಮಾಡದೆ ಜಿಲ್ಲೆಯ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಕೊಂಡವನ ಹೆಸರು ವಿಳಾಸ ತಿಳಿಸಿದರೆ ಸಾಕು.

ಅದೇ ಕಲಮಿನ ಒಳಗೆ ಇನ್ನೊಂದು ಸಣ್ಣ ಮಾತಿತ್ತು. ಕೊಳ್ಳುವವನು 27ನೇ ಕಲಮಿನಡಿ ವಿನಾಯಿತಿ ಪಡೆದವನಾಗಿದ್ದರೆ ಆ ಸೂಚನೆಯೂ ಬೇಕಿಲ್ಲ. ವಿನಾಯಿತಿ ಪಡೆದವರೆಂದರೆ ಆ ಕಾಲದಲ್ಲಿ ಮುಖ್ಯವಾಗಿ ಯುರೋಪಿಯನ್ನರು, ಸರಕಾರ ಆರಿಸಿದ ದೊಡ್ಡ ಮನುಷ್ಯರು, ಮತ್ತು ಕೊಡಗಿನವರು. ಬಿಳಿಯ ತೋಟಗಾರ ಇನ್ನೊಬ್ಬ ಬಿಳಿಯ ತೋಟಗಾರನಿಗೆ ಕೋವಿ ಮಾರಿದರೆ ಸರಕಾರಕ್ಕೆ ತಿಳಿಯುವ ಅಗತ್ಯವೇ ಇರಲಿಲ್ಲ. ಬಿಜಾಪುರದ ರೈತನ ಕೈಗೆ ಅದು ಹೋದರೆ ಮಾತ್ರ ಮ್ಯಾಜಿಸ್ಟ್ರೇಟರು ತಿಳಿದಿರಬೇಕು. ನಂಬಿಕೆಯನ್ನು ಚರ್ಮದ ಬಣ್ಣ ನೋಡಿ ಹಂಚಿದ ಕಾನೂನು ಇದು. ಜನಾಂಗದ ಮೇಲಿನ ಈ ಭೇದವನ್ನು ಅಧಿಕೃತವಾಗಿ ತೆಗೆದುಹಾಕಿದ್ದು 1920ರ ನಿಯಮಗಳಲ್ಲಿ. ಕೊಡವರ ವಿನಾಯಿತಿ ಆಮೇಲೂ, 1924ರ ಆಯುಧ ನಿಯಮಗಳಲ್ಲಿ ಕೂಡ, ಉಳಿದುಬಂತು.

ರಾಷ್ಟ್ರೀಯ ಚಳವಳಿಗೆ ಈ ಕಾಯ್ದೆ ಒಂದು ಅವಮಾನವಾಗಿತ್ತು. ಕಾಂಗ್ರೆಸ್ಸಿನ ಮೊದಮೊದಲ ಅಧಿವೇಶನಗಳಲ್ಲೇ ಅದನ್ನು ಸಡಿಲಿಸಬೇಕೆಂಬ ಬೇಡಿಕೆ ಎದ್ದಿತ್ತು. ಅಹಿಂಸೆಯ ಗಾಂಧೀಜಿ ಕೂಡ, ಇಡೀ ಜನಾಂಗವನ್ನು ನಿರಾಯುಧಗೊಳಿಸಿದ್ದು ಬ್ರಿಟಿಷ್ ಆಳ್ವಿಕೆಯ ಅತಿ ಕರಾಳ ಕೆಲಸವೆಂದು ಹೇಳಿದ್ದರು. 1931ರ ಕರಾಚಿ ಅಧಿವೇಶನ ಪಟ್ಟಿ ಮಾಡಿದ ಮೂಲಭೂತ ಹಕ್ಕುಗಳಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಒಂದಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಆ ಮಾತನ್ನು ಸಂವಿಧಾನ ಸಭೆಗೆ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. 1948ರ ಡಿಸೆಂಬರಿನಲ್ಲಿ, ಇಂದಿನ 19ನೇ ವಿಧಿಯಾದ ಕರಡಿನ ಮೇಲೆ ಚರ್ಚೆ ನಡೆದಾಗ, ಕರಾಚಿಯಲ್ಲಿ ಕೊಟ್ಟ ಮಾತನ್ನು ನೆನಪಿಸಿ ಆಯುಧದ ಹಕ್ಕನ್ನೂ ಸೇರಿಸಬೇಕೆಂದು ಅವರು ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲ ಪ್ರಜೆಗೂ ಈ ಹಕ್ಕೆಂದರೆ ಕಳ್ಳಕಾಕರಿಗೂ ಕೊಟ್ಟಂತಾಗುತ್ತದೆ, ಯಾರ ಕೈಗೆ ಕೊಡಬಾರದೆಂದು ನಿರ್ಧರಿಸುವ ಅಧಿಕಾರ ಸರಕಾರಕ್ಕೆ ಇರಲೇಬೇಕು ಎಂಬುದು ಅವರ ವಾದದ ತಿರುಳು. ಸಭೆ ಅಂಬೇಡ್ಕರರ ಮಾತನ್ನು ಎತ್ತಿಹಿಡಿಯಿತು. ಸ್ವಂತ ಜನರ ಸರಕಾರ ಬಂದ ಮಾತ್ರಕ್ಕೆ ಕೋವಿ ಹಕ್ಕಿನ ಪಟ್ಟಿಗೆ ಸೇರಲಿಲ್ಲ. ಅನುಮತಿಯ ಪಟ್ಟಿಯಲ್ಲೇ ಉಳಿಯಿತು. ವಿಭಜನೆಯ ರಕ್ತ ಇನ್ನೂ ಆರದಿದ್ದ ದಿನಗಳಲ್ಲಿ ಬೇರೆ ತೀರ್ಮಾನ ಸಾಧ್ಯವಿತ್ತೆಂದು ತೋರುವುದಿಲ್ಲ, ಮತ್ತು ಅದು ಸರಿಯಾದ ತೀರ್ಮಾನವೇ ಆಗಿತ್ತು.

1959ರಲ್ಲಿ ಸಂಸತ್ತು ಹೊಸ ಆಯುಧ ಕಾಯ್ದೆಯನ್ನು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಕೋವಿ ಹೊಂದಲು ಮೂರನೇ ಕಲಮಿನಡಿ ಲೈಸೆನ್ಸ್ ಕಡ್ಡಾಯ. ಕತ್ತಿ ಈಟಿಗಳಿಗೆ ಮಾತ್ರ, ಸರಕಾರ ವಿಶೇಷವಾಗಿ ಸಾರಿದ ಪ್ರದೇಶ ಬಿಟ್ಟರೆ, ಲೈಸೆನ್ಸ್ ಬೇಡ. ವಿನಾಯಿತಿ ಕೊಡುವ ಅಧಿಕಾರ 41ನೇ ಕಲಮಿಗೆ ಬಂತು. ಅದನ್ನು ಬಳಸಿ ಕೇಂದ್ರ ಸರಕಾರ 1963ರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ನೀಡಿತು. ಹಾಗೆಂದು ಅದು ಎಲ್ಲೆಯಿಲ್ಲದ ವಿನಾಯಿತಿಯಾಗಿರಲಿಲ್ಲ. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಒಂದು ರೈಫಲ್, ಅದಕ್ಕೆ 100 ತೋಟಾ. ನಯ ನಳಿಗೆಯ ಒಂದು ಕೋವಿ, ಅದಕ್ಕೆ 500 ತೋಟಾ. ಅದಕ್ಕಿಂತ ಹೆಚ್ಚಿಗೆ ಲಿಖಿತ ಅನುಮತಿ ಬೇಕು.

ಇಲ್ಲಿ ಜನ ಹೆಚ್ಚಾಗಿ ತಪ್ಪು ತಿಳಿಯುವ ಒಂದು ಅಂಶವಿದೆ. ವಿನಾಯಿತಿ ಸಿಕ್ಕಿರುವುದು ಮನುಷ್ಯನಿಗೆ. ಕೋವಿಗೆ ಅದು ಅಂಟಿಕೊಂಡು ಹೋಗುವುದಿಲ್ಲ. ವಿನಾಯಿತಿ ಪ್ರಮಾಣಪತ್ರ ಇರುವ ಕೊಡವ ತನ್ನ ಜೋಡಿ ನಳಿಗೆಯ ಕೋವಿಯನ್ನು ಮೈಸೂರಿನ ಗೆಳೆಯನಿಗೆ ಮಾರಲು ಒಪ್ಪಿದನೆನ್ನಿ. ಗೆಳೆಯ ಆ ಕೋವಿಯನ್ನು ಕೈಯಲ್ಲಿ ಹಿಡಿಯುವ ಮೊದಲೇ ಅವನ ಹೆಸರಿನಲ್ಲಿ ಲೈಸೆನ್ಸ್ ಇರಬೇಕು. ಇಲ್ಲವಾದರೆ ಅಜ್ಜನ ಕಾಲದಿಂದ ಕಾನೂನಿಗೆ ಒಪ್ಪಿತವಾಗಿದ್ದ ಅದೇ ಕೋವಿ ಆ ಕ್ಷಣದಿಂದ ಕಳ್ಳಕೋವಿ.

ಇಡೀ ದೇಶಕ್ಕೆ ಅನ್ವಯಿಸುವ ಖಾಸಗಿ ಮಾರಾಟದ ಕ್ರಮ ಬಿಗಿಯಾದದ್ದು 1983ರ ತಿದ್ದುಪಡಿಯಿಂದ. ಲಿಟ್ಟನ್ನನ ಕಾಲದಲ್ಲಿ ಮಾರಿದ ಮೇಲೆ ತಿಳಿಸಿದರೆ ಆಗುತ್ತಿತ್ತು. ಈಗ ಮೊದಲೇ ತಿಳಿಸಬೇಕು. ಮಾರುವವನು ತನ್ನ ಇಂಗಿತವನ್ನೂ ಕೊಳ್ಳುವವನ ಹೆಸರು ವಿಳಾಸವನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರೆದು ಕೊಡಬೇಕು. ಕೊಟ್ಟ ದಿನದಿಂದ ಕನಿಷ್ಠ 45 ದಿನ ಕಳೆಯಬೇಕು. ಅದರ ನಂತರವೇ ಕೋವಿ ಕೈ ಬದಲಿಸಬಹುದು. ಹಳೆ ಬೈಕ್ ಮಾರಿ, ಕೀ ಕೊಟ್ಟು, ಆಮೇಲೆ ನಿಧಾನಕ್ಕೆ ಆರ್‌ಸಿ ಬದಲಾಯಿಸುವ ನಮ್ಮ ರೂಢಿ ಇಲ್ಲಿ ನಡೆಯದು. ಆ 45 ದಿನಗಳಲ್ಲಿ ಕೊಳ್ಳುವವನು ಯಾರು, ಅವನ ಮೇಲೆ ಕೇಸಿದೆಯೇ, ಲೈಸೆನ್ಸ್ ನಿಜವೇ ಎಂದು ನೋಡಲು ಅಧಿಕಾರಿಗಳಿಗೆ ಅವಕಾಶ ಸಿಗುತ್ತದೆ.

ಮಾರುವವನ ಮೇಲೆ ಇನ್ನೂ ಹೊಣೆಗಳಿವೆ. ಕೊಳ್ಳುವವನಿಗೆ 21 ವರ್ಷ ತುಂಬಿರಬೇಕು. ಆಯುಧ ಹೊಂದಲು ನಿಷೇಧವಿರುವವನೆಂದು ಅಥವಾ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡವನೆಂದು ಗೊತ್ತಿದ್ದೂ, ಅಥವಾ ಹಾಗೆ ಅನುಮಾನಿಸಲು ಕಾರಣವಿದ್ದೂ ಮಾರಿದರೆ ಅದೇ ಅಪರಾಧ. ತಯಾರಕನ ಹೆಸರು, ನಂಬರು ಅಥವಾ ಸರಕಾರ ಒಪ್ಪಿದ ಗುರುತು ಇಲ್ಲದ ಕೋವಿಯನ್ನು ಮಾರುವಂತೆಯೇ ಇಲ್ಲ. ಮಲೆನಾಡಿನ ಎಷ್ಟೋ ಹಳೆಯ ಕೇಪಿನ ಕೋವಿಗಳು ಊರ ಕಮ್ಮಾರನ ಕುಲುಮೆಯಲ್ಲಿ ಹುಟ್ಟಿದವು; ನಳಿಗೆಯ ಮೇಲೆ ಅಕ್ಷರವಿಲ್ಲ, ಅಂಕಿಯಿಲ್ಲ. ಅಂಥದ್ದನ್ನು ಬೆಲೆಗೆ ಕೇಳಿಕೊಂಡು ಯಾರಾದರೂ ಬಂದರೆ ಮೊದಲು ಈ ಮಾತು ನೆನಪಾಗಬೇಕು. ಇದಕ್ಕೆ ಹೊರತಾದದ್ದೊಂದಿದೆ: ಎಷ್ಟೇ ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ, ಬಳಕೆ ತಪ್ಪಿದ ಹಳೆಯ ಮಾದರಿಯ ಆಯುಧವನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೆ 45ನೇ ಕಲಮು ಅಡ್ಡಿ ಮಾಡುವುದಿಲ್ಲ. ಬತ್ತಿಕೋವಿಯ ತುಕ್ಕು ಹಿಡಿದ ನಳಿಗೆ ಗೋಡೆಯ ಮೇಲಿದ್ದರೆ ಅದು ಚರಿತ್ರೆಯ ವಸ್ತು. ಅದನ್ನು ಯಾರೋ ಸರಿಮಾಡಿ ಸಿಡಿಯುವಂತೆ ಮಾಡಬಹುದಾದರೆ ಆ ರಕ್ಷಣೆ ಹೋಯಿತು.

1980ರ ದಶಕದ ನಡುವಿನಲ್ಲಿ ಸರಕಾರ ಸಾರ್ವಜನಿಕರಿಗಾಗಿ ವಿದೇಶಿ ಕೋವಿಗಳ ಆಮದನ್ನು ನಿಲ್ಲಿಸಿತು. ಹೊಸ ಕೋವಿ ಬೇಕೆಂದರೆ ಇಶಾಪುರದ ಸರಕಾರಿ ಕಾರ್ಖಾನೆಯ 12 ಬೋರಿನ ಕೋವಿ, .315 ರೈಫಲ್ ಮುಂತಾದವೇ ಗತಿಯಾದವು. ಬರ್ಮಿಂಗ್‌ಹ್ಯಾಮಿನಿಂದ ಬಂದು ಕಾಫಿ ತೋಟಗಳ ಬಂಗಲೆಗಳಲ್ಲಿ ಉಳಿದಿದ್ದ ಹಳೆಯ ಕೋವಿಗಳು ಒಮ್ಮೆಲೆ ದುರ್ಲಭವಾದವು. ಸೆಕೆಂಡ್ ಹ್ಯಾಂಡ್ ಕೋವಿಯ ಖಾಸಗಿ ಮಾರಾಟಕ್ಕೆ ಭಾರತದಲ್ಲಿ ಇಷ್ಟೊಂದು ಮಹತ್ವ ಬಂದದ್ದರ ಹಿಂದೆ ಈ ಆಮದು ನಿಷೇಧವೂ ಇದೆ. ಬೆಲೆ ಏರಿದಲ್ಲಿ ಆಸೆಯೂ ಏರುತ್ತದೆ, ಕಾಗದ ಬಿಟ್ಟು ವ್ಯವಹಾರ ಮುಗಿಸೋಣ ಎನ್ನುವವರೂ ಹುಟ್ಟಿಕೊಳ್ಳುತ್ತಾರೆ.

ಕೋವಿಯ ಉಪಯೋಗವೂ ಅಷ್ಟರಲ್ಲಿ ಬದಲಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಆ ಕಾಯ್ದೆಯ 34ನೇ ಕಲಮನ್ನು ಕೊಡಗಿನವರು ವಿಶೇಷವಾಗಿ ಗಮನಿಸಬೇಕು. ಅಭಯಾರಣ್ಯ ಘೋಷಣೆಯಾದಾಗ ಅದರ ಒಳಗೂ ಸುತ್ತಲಿನ 10 ಕಿಲೋಮೀಟರ್ ವ್ಯಾಪ್ತಿಯಲ್ಲೂ ಇರುವ ಕೋವಿದಾರರು ವನ್ಯಜೀವಿ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಲೈಸೆನ್ಸ್ ಇದ್ದವರಷ್ಟೇ ಅಲ್ಲ, ಆಯುಧ ಕಾಯ್ದೆಯಿಂದ ವಿನಾಯಿತಿ ಪಡೆದವರು ಕೂಡ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳು ಹಬ್ಬಿರುವ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಆನೆ, ಹಂದಿಗಳ ಕಾಟದಿಂದ ಬೇಸತ್ತ ಬೆಳೆಗಾರನಿಗೆ ಕೋವಿ ಈಗ ಬೆದರಿಸುವ ಸಾಧನ. ಕಾಡುಪ್ರಾಣಿಯ ಮೇಲೆ ಅದನ್ನು ತಿರುಗಿಸಿದರೆ ಕಬ್ಬನ್ನನ ಘೋಷಣೆ ಅವನನ್ನು ಕಾಯುವುದಿಲ್ಲ.

2019ರಲ್ಲಿ ಎರಡು ಬೆಳವಣಿಗೆಗಳು ಒಂದರ ಹಿಂದೊಂದು ಬಂದವು. ಅಕ್ಟೋಬರ್ 29ರಂದು ಕೇಂದ್ರ ಗೃಹ ಸಚಿವಾಲಯ ಕೊಡವರ ಮತ್ತು ಜಮ್ಮಾ ಹಿಡುವಳಿದಾರರ ವಿನಾಯಿತಿಯನ್ನು ಹತ್ತು ವರ್ಷಕ್ಕೆ ವಿಸ್ತರಿಸಿತು. ಡಿಸೆಂಬರಿನಲ್ಲಿ ಸಂಸತ್ತು ಆಯುಧ ಕಾಯ್ದೆಗೆ ತಿದ್ದುಪಡಿ ತಂದು, ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮೊದಲ ಮಸೂದೆಯಲ್ಲಿ ಒಂದೇ ಎಂದಿತ್ತು. ಆಕ್ಷೇಪಗಳ ನಂತರ ಎರಡಾಯಿತು. ಮೂರನೆಯದನ್ನು ಇಟ್ಟುಕೊಂಡ ಲೈಸೆನ್ಸ್‌ದಾರರು ಒಂದು ವರ್ಷದೊಳಗೆ ಠಾಣೆಗೋ ಅಧಿಕೃತ ಡೀಲರ್‌ಗೋ ಒಪ್ಪಿಸಬೇಕಾಯಿತು. ಅಕ್ರಮವಾಗಿ ಕೋವಿ ತಯಾರಿಸುವ, ಮಾರುವ, ವರ್ಗಾಯಿಸುವ ಅಪರಾಧಕ್ಕೆ ಮೊದಲು 3ರಿಂದ 7 ವರ್ಷ ಶಿಕ್ಷೆಯಿತ್ತು. ಈಗ ಕನಿಷ್ಠವೇ 7 ವರ್ಷ, ಗರಿಷ್ಠ ಜೀವಾವಧಿ.

ಕೊಡವರ ವಿನಾಯಿತಿಯನ್ನು ಪ್ರಶ್ನಿಸಿ ಒಬ್ಬ ನಿವೃತ್ತ ಸೇನಾಧಿಕಾರಿ ಕರ್ನಾಟಕ ಹೈಕೋರ್ಟಿಗೆ ಹೋದರು. ಜಾತಿ, ಜನಾಂಗ, ಭೂಮಿಯ ಆಧಾರದ ಮೇಲೆ ಒಂದು ವರ್ಗಕ್ಕೆ ಕೊಟ್ಟ ಸವಲತ್ತು ಸಮಾನತೆಗೆ ವಿರುದ್ಧ ಎಂಬುದು ಅವರ ವಾದ. ಹಲಗಲಿಯನ್ನು ನೆನೆದರೆ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಂದ ಕಿತ್ತುಕೊಂಡ ಆಳ್ವಿಕೆಯ ಗುರುತು ಅದರ ಮೇಲೆ ಇದ್ದೇ ಇದೆ. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಸ್ವಾತಂತ್ರ್ಯಕ್ಕೂ ಮೊದಲಿನಿಂದ ನಡೆದುಬಂದ ಪದ್ಧತಿ, ಕೋವಿಯೊಂದಿಗೆ ಬೆಸೆದ ಸಂಸ್ಕೃತಿ, ಮತ್ತು ವಿನಾಯಿತಿ ಷರತ್ತುಗಳಿಗೂ ಹತ್ತು ವರ್ಷದ ಗಡುವಿಗೂ ಒಳಪಟ್ಟಿದೆ ಎಂಬ ಅಂಶ ನ್ಯಾಯಾಲಯದ ಗಮನದಲ್ಲಿದ್ದವು. ಆ ಗಡುವು ಮುಗಿಯುವುದು 2029ರ ಅಕ್ಟೋಬರ್ 31ಕ್ಕೆ.

ಆಗ ಮತ್ತೆ ವಿಸ್ತರಣೆ ಸಿಗಬೇಕೆಂದರೆ ಕೊಡಗು ತೋರಿಸಬೇಕಾದದ್ದು ಶೌರ್ಯದ ಚರಿತ್ರೆಯನ್ನಲ್ಲ, ಕಾಗದಗಳನ್ನು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಈ ನಂಬಿಕೆ ಉಳಿದುಬಂದದ್ದರಲ್ಲಿ, ಒಕ್ಕದ ಕೋವಿ ಒಕ್ಕದಲ್ಲೇ ಇರುತ್ತದೆ, ಹೊರಗೆ ಹೋದರೆ ಲೆಕ್ಕವಿಟ್ಟು ಹೋಗುತ್ತದೆ ಎಂಬ ಭರವಸೆಯ ಪಾಲು ದೊಡ್ಡದು. ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿಲ್ಲದ ಒಂದೊಂದು ಕೋವಿಯೂ ಆ ಭರವಸೆಯಿಂದ ಕಳೆದಂತೆ.

ಈ ಮಾತು ಕೊಡಗಿಗಷ್ಟೇ ಸೀಮಿತವಲ್ಲ. ಚಿಕ್ಕಮಗಳೂರು, ಹಾಸನ, ಶಿವಮೊಗ್ಗ, ಉತ್ತರ ಕನ್ನಡದ ಎಷ್ಟೋ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಗಳಿವೆ. ಯಜಮಾನರು ತೀರಿಕೊಂಡಿರುತ್ತಾರೆ, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ, ಕೋವಿ ಅಟ್ಟದಲ್ಲಿ. ಲೈಸೆನ್ಸ್ ಯಜಮಾನರೊಂದಿಗೇ ಮುಗಿದಿರುತ್ತದೆ. ತೋಟ ನೋಡಿಕೊಳ್ಳುವ ರೈಟರ ಕೈಗೆ ಅದನ್ನು ಕೊಟ್ಟುಬಿಡುವುದು, ಪಕ್ಕದ ಮನೆಯವರು ಕೇಳಿದರೆಂದು ಒಂದಿಷ್ಟು ದುಡ್ಡಿಗೆ ದಾಟಿಸುವುದು ಸುಲಭವಾಗಿ ಕಾಣುತ್ತದೆ. ಆ ಕೋವಿಯಿಂದ ನಾಳೆ ಯಾರಿಗಾದರೂ ಏಟು ಬಿದ್ದರೆ ಪೊಲೀಸರು ಮೊದಲು ಬರುವುದು ಕೊಟ್ಟವರ ಮನೆಗೆ.

ಅಂಥ ಮನೆಯವರಲ್ಲಿ ಒಂದು ಕೋರಿಕೆ. ಹಳೆಯ ಲೈಸೆನ್ಸ್ ಪುಸ್ತಕವನ್ನು ಹುಡುಕಿ ತೆಗೆಯಿರಿ. ಕೋವಿಯ ನಂಬರು ಅದರಲ್ಲಿರುವ ನಂಬರಿಗೆ ಸರಿಹೊಂದುತ್ತದೆಯೇ ನೋಡಿ. ಯಜಮಾನರು ಇನ್ನೂ ಇದ್ದರೆ, 2016ರ ಆಯುಧ ನಿಯಮಗಳ ಪ್ರಕಾರ ಅವರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ಅವರು ಇಲ್ಲವಾಗಿದ್ದರೆ ತಡಮಾಡದೆ ಹತ್ತಿರದ ಠಾಣೆಯಲ್ಲೋ ಅಧಿಕೃತ ಡೀಲರ್ ಬಳಿಯೋ ಕೋವಿಯನ್ನು ಒಪ್ಪಿಸಿ ರಸೀದಿ ಪಡೆಯಿರಿ. ಒಪ್ಪಿಸಿದ ಮಾತ್ರಕ್ಕೆ ಅದು ಕೈತಪ್ಪಿ ಹೋಗುವುದಿಲ್ಲ: ನಿಗದಿತ ಅವಧಿಯೊಳಗೆ ಸ್ವಂತ ಲೈಸೆನ್ಸ್ ಮಾಡಿಸಿ ಮರಳಿ ಪಡೆಯುವ, ಇಲ್ಲವೇ ಅರ್ಹರಿಗೆ ಮಾರಿಸಿ ಹಣ ತೆಗೆದುಕೊಳ್ಳುವ ಹಕ್ಕನ್ನು ಆಯುಧ ಕಾಯ್ದೆಯ 21ನೇ ಕಲಮು ವಾರಸುದಾರರಿಗೆ ಕೊಟ್ಟಿದೆ. ಅವಧಿ ಮೀರಿದರೆ ಮಾತ್ರ ಕೋವಿ ಸರಕಾರದ ಪಾಲಾಗುತ್ತದೆ.